ಅಪ್‌ಡೇಟ್: ಮಂಡಿ ಕೀಲು ಬದಲಿಸಿದ ಮೇಲೆ ಕಾಲು ನೇರವಾಗದ ಸಮಸ್ಯೆ

ಅಮ್ಮನಿಗೆ ಮಂಡಿ ಕೀಲು ಬದಲಿಸಿ ಮೂರು ವಾರವಾದರೂ ಕಾಲು ಪೂರ್ತಿ ನೇರವಾಗುತ್ತಿಲ್ಲ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಕಾರಣ ಸಿಕ್ಕಿತು: ಮಂಡಿ ಕೆಳಗಿನ ದಿಂಬು. ಹಾಗೆ ಮಲಗಿದರೆ ಹಾಯೆನಿಸುತ್ತದೆ ನಿಜ, ಆದರೆ ಕೀಲಿನ ಹಿಂಭಾಗ ಬಾಗಿದ ಸ್ಥಿತಿಯಲ್ಲೇ ಬಿಗಿದುಕೊಳ್ಳುತ್ತದೆ. ಆಮೇಲೆ ನಡಿಗೆ ಕುಂಟುತ್ತದೆ, ತೊಡೆಯ ಸ್ನಾಯು ಬೇಗ ಸೋಲುತ್ತದೆ.

ಫಿಸಿಯೋ ಹೇಳಿದಂತೆ ಈಗ ಸುತ್ತಿದ ಟವೆಲ್ ಹಿಮ್ಮಡಿಯ ಕೆಳಗೆ, ಮಂಡಿಯ ಕೆಳಗೆ ಏನೂ ಇಲ್ಲ. 10 ನಿಮಿಷ, ದಿನಕ್ಕೆ 3–4 ಸಲ. ಅದೇ ಭಂಗಿಯಲ್ಲಿ ತೊಡೆ ಬಿಗಿಮಾಡಿ, ಮಂಡಿಯನ್ನು ಹಾಸಿಗೆಯತ್ತ ಒತ್ತಿ, 5 ಸೆಕೆಂಡ್ ಹಿಡಿದು ಬಿಡುವುದು, 10 ಬಾರಿ. ವೈದ್ಯರು ಬರೆದ ನೋವಿನ ಮಾತ್ರೆ ಅರ್ಧ ಗಂಟೆ ಮೊದಲೇ ಕೊಡಬೇಕು. ನೋವಿಗೆ ಹೆದರಿ ವ್ಯಾಯಾಮ ಬಿಟ್ಟರೆ ಬಿಗಿತ ಇನ್ನೂ ಹೆಚ್ಚುತ್ತದೆ. ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್, 15 ನಿಮಿಷ. 90 ಡಿಗ್ರಿ ಬಾಗಿತು ಎಂದು ಎಲ್ಲರೂ ಸಂತೋಷಪಡುತ್ತಾರೆ, ನೇರವಾಗುವುದನ್ನು ಯಾರೂ ಅಳೆಯುವುದಿಲ್ಲ. ದಯವಿಟ್ಟು ಎರಡನ್ನೂ ಅಳೆಸಿ.

ಮೆಟ್ಟಿಲು ಹತ್ತುವಾಗ ಆಪರೇಷನ್ ಆಗದ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು.

ಮೀನಖಂಡ ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಆ ದಿನವೇ ಆಸ್ಪತ್ರೆಗೆ ಹೋಗಿ. ಗಾಯದಿಂದ ಕೀವು ಬಂದರೂ ಅಷ್ಟೇ.