ಡಾಕ್ಟರ್ ಫೀಸ್ ಕೇಸಲ್ಲಿ 'ಎಕ್ಸ್‌ಪರ್ಟ್' ಅಂದ್ರೆ ಯಾರು?

ಹೇಮಾವತಿ_ಹಾಸನ:
ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು, ಆಪರೇಷನ್ ಆಗಿ 11 ದಿನ ಆಸ್ಪತ್ರೇಲಿದ್ರು. ಆಪರೇಷನ್ ಪ್ಯಾಕೇಜ್ ದುಡ್ಡಲ್ದೆ 'ಕನ್ಸಲ್ಟೆಂಟ್ ವಿಸಿಟ್' ಅಂತ 22 ಸಲಕ್ಕೆ ತಲಾ 1,200, ಒಟ್ಟು 26,400 ಹಾಕಿದ್ದಾರೆ. ನಾನು ಮಂಚದ ಪಕ್ಕ ಬಿಟ್ಟು ಕದ್ಲಿಲ್ಲ, ಸಂಜೆ ಹೊತ್ತು ಡಾಕ್ಟ್ರು ಬಂದಿದ್ದು ಮೂರೋ ನಾಕೋ ಸಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿದ್ದೀವಿ. ಈಗ ಆಸ್ಪತ್ರೆಯೋರು ಹಾರ್ಟ್ ಸರ್ಜನ್ ಒಬ್ರ ಅಫಿಡವಿಟ್ ತಂದಿದ್ದಾರೆ, 30 ವರ್ಷ ಸರ್ವಿಸ್ ಆದೋರು, 'ಫೀಸ್ ನ್ಯಾಯವಾಗಿದೆ' ಅಂತ ಒಂದೇ ಪುಟ. ಅಷ್ಟು ದೊಡ್ಡೋರ ಮುಂದೆ ನಮ್ಮ ಮಾತು ನಿಲ್ಲುತ್ತಾ?

ತುಮಕೂರು_ವಕೀಲ:
ಹೆದರ್ಬೇಡಿ ಮೇಡಂ. ರಮೇಶ್ ಚಂದ್ರ ಅಗರವಾಲ್ - ರೀಜೆನ್ಸಿ ಹಾಸ್ಪಿಟಲ್ ಕೇಸಲ್ಲಿ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ, ಪರಿಣತ ಸಾಕ್ಷಿ ಆಗೋರು ಆ ವಿಷಯನೇ ವಿಶೇಷವಾಗಿ ಓದಿರ್ಬೇಕು ಇಲ್ಲಾ ಅದ್ರಲ್ಲೇ ಪಳಗಿರ್ಬೇಕು, ಯಾವ ಆಧಾರದ ಮೇಲೆ ಹಾಗಂತೀನಿ ಅಂತ ಕಾರಣನೂ ಬರೀಬೇಕು. ಕಾರಣನೇ ಇಲ್ದಿರೋ ಒಂದು ಪುಟಕ್ಕೆ ಏನು ತೂಕ? ಇನ್ನು ರೇಟಿಗೆ ಡಾಕ್ಟರ ಅಭಿಪ್ರಾಯನೇ ಬೇಕಿಲ್ಲ, ಕೆಪಿಎಂಇ ಕಾಯ್ದೆ (ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಕಾಯ್ದೆ) ಪ್ರಕಾರ ಆಸ್ಪತ್ರೆ ದರಪಟ್ಟಿ ಹಾಕಿರ್ಲೇಬೇಕು, ಅದನ್ನ ತರ್ಸಿ ನೋಡಿದ್ರೆ ಮುಗೀತು.

ಮೂಳೆಡಾಕ್ಟ್ರು:
ನಾನು ಆರ್ಥೋ ಸರ್ಜನ್. ಹಾರ್ಟ್ ಸರ್ಜನ್ ಇದಕ್ಕೆ ಸರಿಯಾದ ಸಾಕ್ಷಿ ಅಲ್ಲ, ಒಪ್ತೀನಿ. ಆದ್ರೆ ವಕೀಲ್ ಸಾರ್, ಬರೀ ಬೋರ್ಡ್ ನೋಡಿ ಮುಗಿಯೋ ವಿಷಯ ಇದಲ್ಲ. ವಯಸ್ಸಾದೋರಿಗೆ ಸೊಂಟದ ಆಪರೇಷನ್ ಆದ್ಮೇಲೆ ಮೊದಲ ಎರಡ್ಮೂರು ದಿನ ಎರಡು ಹೊತ್ತು ನೋಡೋದು ಅತಿಯೇನಲ್ಲ, ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ಗಾಯ ಸೋರುತ್ತೆ. ಒಂಬತ್ತನೇ ದಿನವೂ ಎರಡ್ಸಲ ಬೇಕಿತ್ತಾ ಅಂತ ಹೇಳೋಕೆ ನಮ್ಮ ವಿಭಾಗದೋರೇ ಬೇಕು. ಮೇಡಂ, ನೀವೂ ಒಬ್ಬ ಆರ್ಥೋ ಹತ್ರ ಅಭಿಪ್ರಾಯ ಬರ್ಸಿ.

ತುಮಕೂರು_ವಕೀಲ:
ಸಾರ್, ಎಲ್ಲಾ ಕೇಸಿಗೂ ಎಕ್ಸ್‌ಪರ್ಟ್ ಬೇಕಿಲ್ಲ ಅಂತ ವಿ. ಕಿಶನ್ ರಾವ್ ಕೇಸಲ್ಲಿ 2010ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇಲ್ಲಿ ಇವರ ಜಗಳ ವಿಸಿಟ್ ಬೇಕಿತ್ತಾ ಅಂತ ಅಲ್ಲ, ಡಾಕ್ಟ್ರು ಬಂದ್ರಾ ಅಂತ.

ಹಳೇ_ಬಿಲ್ಲಿಂಗ್_ಕೌಂಟರ್:
ಆರು ವರ್ಷ ಬಿಲ್ಲಿಂಗಲ್ಲಿದ್ದೆ, ಅದಕ್ಕೇ ಹೇಳ್ತೀನಿ ಅಕ್ಕ, ಮೊದ್ಲು ಕೇಸ್ ಶೀಟ್ (ಡಾಕ್ಟ್ರು, ನರ್ಸು ದಿನಾ ಬರೆಯೋ ಚಿಕಿತ್ಸೆ ದಾಖಲೆ) ತಗೊಳ್ಳಿ. ಬರವಣಿಗೇಲಿ ಕೇಳಿದ್ರೆ 72 ಗಂಟೆ ಒಳಗೆ ಕಾಪಿ ಕೊಡ್ಬೇಕು ಅಂತ ಮೆಡಿಕಲ್ ಕೌನ್ಸಿಲ್ 2002ರ ನಿಯಮ ಇದೆ. ನಾನಿದ್ದ ಕಡೆ ಡಾಕ್ಟ್ರು ಬರ್ಲಿ ಬಿಡ್ಲಿ ದಿನಕ್ಕೆರಡು ವಿಸಿಟ್ ಸಿಸ್ಟಮ್ಮಲ್ಲಿ ಏರ್ತಿತ್ತು, ಅದು ನನಗೆ ಈಗ್ಲೂ ಮನಸ್ಸಿಗೆ ಚುಚ್ಚುತ್ತೆ. ಪ್ಯಾಕೇಜ್ ಕಾಗದನೂ ನೋಡಿ, ಸರ್ಜನ್ ವಿಸಿಟ್ ಎಷ್ಟೋ ಕಡೆ ಅದ್ರೊಳಗೇ ಸೇರಿರುತ್ತೆ.

ಹೇಮಾವತಿ_ಹಾಸನ:
ಕೇಸ್ ಶೀಟ್ ನಿನ್ನೆ ಸಿಕ್ತು, ತಮ್ಮನೂ ನಾನೂ ಕೂತು ಎಣಿಸಿದ್ವಿ. ಡಾಕ್ಟರ ಕೈಬರಹ, ಸಹಿ ಇರೋದು 13 ಕಡೆ. ಭಾನುವಾರ ಸಂಜೆ ನರ್ಸ್ ಬರೆದಿರೋದು 'ಸರ್‌ಗೆ ಫೋನಲ್ಲಿ ತಿಳಿಸಿದೆ' ಅಂತ, ಅದಕ್ಕೂ 1,200!

ಮೂಳೆಡಾಕ್ಟ್ರು:
ಫೋನ್ ಮಾತಿಗೆ ವಿಸಿಟ್ ಚಾರ್ಜ್ ಹಾಕಿದ್ರೆ ಅದು ತಪ್ಪೇ, ನಾನು ಸಮರ್ಥಿಸಲ್ಲ. ಆದ್ರೂ ಒಂದು, ಕೆಲವರು ಬಂದು ನೋಡಿ ಬರೆಯೋದು ಮರೀತಾರೆ. ಅವ್ರು ಹಾಗೇ ವಾದ ಮಾಡ್ಬಹುದು.

ತುಮಕೂರು_ವಕೀಲ:
ಮಾಡ್ಲಿ, ಅದನ್ನ ಹೇಳ್ಬೇಕಾದೋರು ಚಿಕಿತ್ಸೆ ಕೊಟ್ಟ ಡಾಕ್ಟ್ರು. ಮೇಡಂ, ಹಾರ್ಟ್ ಸರ್ಜನ್‌ಗೆ ಲಿಖಿತ ಪ್ರಶ್ನೆ ಕಳ್ಸೋಕೆ ಆಯೋಗದ ಅನುಮತಿ ಕೇಳಿ, 2002ರ ಜೆ. ಜೆ. ಮರ್ಚೆಂಟ್ ತೀರ್ಪಲ್ಲಿ ಈ ದಾರಿ ತೋರ್ಸಿದ್ದಾರೆ. ಕೇಸ್ ಶೀಟ್ ಓದಿದ್ರಾ, ಸೊಂಟದ ಆಪರೇಷನ್ ಎಷ್ಟು ಮಾಡಿದ್ದೀರಿ, ಅದೇ ಆಸ್ಪತ್ರೆಯಿಂದ ಸಂಬಳ ತಗೋತೀರಾ. ಮೂರೇ ಸಾಕು.

ಹೇಮಾವತಿ_ಹಾಸನ:
ಸೋಮವಾರ ಅರ್ಜಿ ಹಾಕ್ತೀವಿ ಸಾರ್. ನಾಲ್ಕನೇ ಪ್ರಶ್ನೆ ಅಮ್ಮಂದು: 'ನಂಗೆ ಫೋನಲ್ಲಿ ಮದ್ದು ಮಾಡಿದ್ದು ಯಾರು ಅಂತ ಕೇಳು' ಅಂತಿದ್ದಾರೆ, ಅದನ್ನೂ ಸೇರಿಸ್ತೀನಿ.