ಆರು ವರ್ಷದ ಉಪ್ಪುನೀರಿನ ಅಕ್ವೇರಿಯಂ ಅನ್ನು ಬೇರೆ ಮನೆಗೆ ಸಾಗಿಸುವುದು ಹೇಗೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾವು ಮನೆ ಬದಲಾಯಿಸುತ್ತಿದ್ದು, ಹೊಸ ಮನೆ ವಾಹನದಲ್ಲಿ ಎರಡು ಗಂಟೆಯ ದಾರಿ. ನನ್ನ 300 ಲೀಟರ್ ತೊಟ್ಟಿಯಲ್ಲಿ ಒಂದು ಜೋಡಿ ಕ್ಲೌನ್ ಮೀನು, ಒಂದು ಯೆಲ್ಲೋ ಟ್ಯಾಂಗ್ (ಹಳದಿ ಮೀನು), ಕೆಲವು ಮೃದು ಹವಳಗಳು, ಸುಮಾರು 35 ಕಿಲೋ ಲೈವ್ ರಾಕ್ (ಬ್ಯಾಕ್ಟೀರಿಯಾ ಮತ್ತು ಸಣ್ಣ ಜೀವಿಗಳು ನೆಲೆಸಿರುವ ಕಲ್ಲು) ಮತ್ತು ತಳದಲ್ಲಿ 8 ಸೆಂಟಿಮೀಟರ್ ಮರಳು ಇವೆ. ಇಷ್ಟು ವರ್ಷ ಹದಗೊಂಡ ನೀರನ್ನು ಒಂದು ಹನಿಯೂ ಬಿಡದೆ ಡ್ರಮ್ಮುಗಳಲ್ಲಿ ಒಯ್ದು, ಮರಳನ್ನು ತೊಟ್ಟಿಯಲ್ಲೇ ಉಳಿಸಿ ನಾಲ್ವರು ಸೇರಿ ಎತ್ತಬೇಕೆಂದಿದ್ದೇನೆ. ಇದು ಸರಿಯೇ? ಟ್ಯಾಂಗ್ ಅನ್ನು ಮರಿಯಾಗಿದ್ದಾಗಿನಿಂದ ಸಾಕಿದ್ದೇನೆ, ಅದಕ್ಕೇನಾದರೂ ಆದೀತೆಂಬ ಭಯ ಬಿಡುತ್ತಿಲ್ಲ.

ಉತ್ತರ 1:
ದಯವಿಟ್ಟು ಮರಳಿನ ಸಮೇತ ಎತ್ತಬೇಡಿ. ಆ ಭಾರಕ್ಕೆ ತಳದ ಗಾಜು ತಿರುಚಿಕೊಂಡು ಗಾಜುಗಳನ್ನು ಹಿಡಿದಿರುವ ಸಿಲಿಕೋನ್ ಅಂಟು ಬಿಡಬಹುದು. ಅದಕ್ಕಿಂತ ದೊಡ್ಡ ಅಪಾಯ ಮರಳಿನೊಳಗೇ ಇದೆ. ಆರು ವರ್ಷಗಳ ಕಸ ಅಲ್ಲಿ ಸೇರಿರುತ್ತದೆ, ಆಮ್ಲಜನಕ ತಲುಪದ ಕೆಳಪದರದಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಉಂಟಾಗಿರಬಹುದು. ಅಲುಗಾಡಿಸಿದ ಕೂಡಲೇ ಅದೆಲ್ಲ ನೀರಿಗೆ ಬರುತ್ತದೆ. ನಾನು ಮೊದಲ ಸಲ ಮನೆ ಬದಲಿಸಿದಾಗ ಹಳೆಯ ಮರಳನ್ನು ತೊಳೆಯದೆ ಹಾಗೆಯೇ ಹಾಕಿದ್ದೆ. ಮರುದಿನ ಬೆಳಿಗ್ಗೆ ಪರೀಕ್ಷಿಸಿದಾಗ ಅಮೋನಿಯಾ (ಕಸ ಕೊಳೆತಾಗ ಬರುವ ವಿಷ) ಏರಿತ್ತು, ಎರಡು ಮೀನುಗಳು ಸತ್ತಿದ್ದವು.

ನೀರಿನ ಮೇಲೆ ಅಷ್ಟು ಮಮತೆ ಬೇಕಿಲ್ಲ. ಅಮೋನಿಯಾವನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನೀರಿನಲ್ಲಿ ಇರುವುದು ಅತ್ಯಲ್ಪ, ತೊಟ್ಟಿಯ ಜೀವವಿರುವುದು ಕಲ್ಲಿನಲ್ಲಿ. ಆದ್ದರಿಂದ ಮೀನು, ಹವಳ ಮತ್ತು ಕಲ್ಲುಗಳು ಮುಳುಗುವಷ್ಟು ಹಳೆಯ ನೀರನ್ನು ಒಯ್ದು, ಉಳಿದದ್ದನ್ನು ಹಿಂದಿನ ದಿನವೇ ಹೊಸ ಮನೆಯಲ್ಲಿ ಆರ್‌ಓ ನೀರಿಗೆ ಉಪ್ಪು ಬೆರೆಸಿ, ಪಂಪಿನಿಂದ ಕಲಕುತ್ತಾ, ಲವಣಾಂಶವನ್ನೂ ಉಷ್ಣತೆಯನ್ನೂ ಈಗಿನ ತೊಟ್ಟಿಗೆ ಸರಿಹೊಂದಿಸಿ ಇಟ್ಟುಕೊಳ್ಳಿ. ಕಲ್ಲಿನ ಮೇಲೆ ಬೆಳೆದ ಸ್ಪಂಜು ಜೀವಿಗಳು ಗಾಳಿಗೆ ಒಡ್ಡಿಕೊಂಡರೆ ಸಾಯಬಹುದು, ಸತ್ತವು ಕೊಳೆತು ಮತ್ತೆ ಅಮೋನಿಯಾ ಆಗುತ್ತದೆ.

ಹೊರಡುವ ದಿನ ಹೀಟರ್ ಆರಿಸಿ ಅರ್ಧ ಗಂಟೆ ಕಾದ ಮೇಲೆ ನೀರು ತೆಗೆಯಲು ಆರಂಭಿಸಿ. ಮೊದಲು ಹವಳ, ನಂತರ ಕಲ್ಲು. ನೀರು ಇಳಿದು ಅಡಗುತಾಣಗಳಿಲ್ಲದಾಗ ಮೀನು ಹಿಡಿಯುವುದು ಸುಲಭ. ಮೀನು ಹೊರಬಂದ ಮೇಲೆಯೇ ಮರಳಿಗೆ ಕೈ ಹಾಕಿ.

ಉತ್ತರ 2:
ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಮರಳನ್ನು ಎಸೆಯಲೇಬೇಕೆಂದಿಲ್ಲ. ನೀರು ತಿಳಿಯಾಗುವವರೆಗೆ ಸಣ್ಣ ಸಣ್ಣ ಪಾಲುಗಳಲ್ಲಿ ತೊಳೆದರೆ ಮತ್ತೆ ಬಳಸಬಹುದು. ನಾನು ಹೊಸ ಮರಳು ಹಾಕಿ, ಹಳೆಯದರ ಮೇಲ್ಪದರದಿಂದ ಎರಡು ಬಟ್ಟಲು ಮಾತ್ರ ಬೆರೆಸಿದ್ದೆ. ಇನ್ನೊಂದು ವಿಷಯ: ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿಡುವ ಮುಚ್ಚಿದ ಡಬ್ಬಿಯಂಥ ಫಿಲ್ಟರ್) ಇದ್ದರೆ ಅದನ್ನು ಮುಚ್ಚಿದಂತೆಯೇ ಒಯ್ಯಬೇಡಿ. ಆಮ್ಲಜನಕವಿಲ್ಲದೆ ಒಳಗಿನ ಬ್ಯಾಕ್ಟೀರಿಯಾ ಸಾಯತೊಡಗುತ್ತದೆ, ಆಮೇಲೆ ಆ ಕೊಳಕು ನೀರು ನೇರವಾಗಿ ತೊಟ್ಟಿಗೆ ಬೀಳುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿಯೇ ಎತ್ತುತ್ತೇನೆ. ಮೀನುಗಳನ್ನು ಚೀಲದಲ್ಲಿ ಒಯ್ಯಲೇ, ಬಕೆಟ್ಟಿನಲ್ಲೇ?

ಉತ್ತರ 1:
ಎರಡು ಗಂಟೆಯ ದಾರಿಗೆ ಮುಚ್ಚಳವಿರುವ ಬಕೆಟ್ ಮತ್ತು ಬ್ಯಾಟರಿ ಏರ್ ಪಂಪ್ ಉತ್ತಮ. ಬಿಗಿಯಾಗಿ ಕಟ್ಟಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿಯುತ್ತದೆ, ಅಂದರೆ ನೀರು ಹೆಚ್ಚು ಆಮ್ಲೀಯವಾಗುತ್ತದೆ. ಚೀಲ ಬಿಚ್ಚಿದಾಗ ಪಿಎಚ್ ಏರಿ, ಅಷ್ಟರಲ್ಲಿ ಶೇಖರವಾಗಿದ್ದ ಅಮೋನಿಯಾ ಹೆಚ್ಚು ವಿಷಕಾರಿಯಾಗುತ್ತದೆ. ಹಿಂದಿನ ದಿನ ಆಹಾರ ನಿಲ್ಲಿಸಿದರೆ ಬಕೆಟ್ಟಿನ ನೀರು ಕೆಡುವುದೂ ಕಡಿಮೆ. ನಿಮ್ಮ ಟ್ಯಾಂಗ್‌ಗೆ ಬೇರೆ ಬಕೆಟ್ ಇಡಿ. ಅದರ ಬಾಲದ ಬುಡದಲ್ಲಿ ಚೂಪಾದ ಮುಳ್ಳಿದ್ದು ಬಲೆಗೆ ಸಿಕ್ಕಿಕೊಳ್ಳುತ್ತದೆ, ಹೀಗಾಗಿ ನೀರಿನ ಸಮೇತ ಡಬ್ಬಿಯಲ್ಲಿ ಹಿಡಿಯುವುದು ಒಳ್ಳೆಯದು. ತಲುಪಿದ ಮೇಲೆ ಒಂದು ವಾರ ದಿನವೂ ಅಮೋನಿಯಾ ಪರೀಕ್ಷಿಸಿ, ಆಹಾರವನ್ನು ಸ್ವಲ್ಪವೇ ಕೊಡಿ, ತೊಟ್ಟಿಯ ನೀರು ಬದಲಿಸಬೇಕಾದರೆ ಬೆರೆಸಿಟ್ಟ ಉಪ್ಪುನೀರು ಒಂದು ಡ್ರಮ್ ಸಿದ್ಧವಾಗಿರಲಿ.