ಹಿತ್ತಾಳೆ ಅಚ್ಚಿಗೆ ಸೀಸ ಕಚ್ಚಿಕೊಂಡಿದೆ, ಬಿಡಿಸುವುದು ಹೇಗೆ?

ಮಲ್ಪೆಯ ಗಾಳದವನು:
ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ನಾನೇ ಎರಕ ಹೊಯ್ಯುತ್ತೇನೆ. ಕಲ್ಲಿನ ಸಂದಿಯಲ್ಲಿ ಮುರು ಮೀನಿಗೆ ಗಾಳ ಹಾಕುವವರಿಗೆ ಗೊತ್ತು, ಒಂದು ಸಂಜೆಗೆ ನಾಲ್ಕೈದು ಗುಂಡು ಕಲ್ಲಿಗೇ ಹೋಗುತ್ತವೆ. ಅಚ್ಚು ನನ್ನ ಮಾವನ ಕಾಲದ್ದು, ಎರಡು ಹೋಳಿನ ಹಿತ್ತಾಳೆಯದು. ಮಳೆಗಾಲ ಕಳೆದು ತೆಗೆದಾಗ ಹಸಿರು ಕಿಲುಬು ಹಿಡಿದಿತ್ತು. ಹುಣಿಸೆಹಣ್ಣು ಹಾಕಿ ದೇವರ ದೀಪದಂತೆ ಬೆಳಗಿದೆ. ತೊಂದರೆ ಶುರುವಾದದ್ದು ಆಮೇಲೆ. ಗುಂಡು ಅಚ್ಚಿನಿಂದ ಕಳಚುವುದಿಲ್ಲ, ಕಳಚಿದರೂ ಮೈಮೇಲೆ ಹಾಲಿನ ಕೆನೆಯಂತೆ ಸುಕ್ಕು. ಹೊಯ್ಯುವ ಬಾಯಿಯ ಹತ್ತಿರ ಉದ್ದಿನ ಕಾಳಿನಷ್ಟು ಬೆಳ್ಳಗಿನ ಕಲೆ ಕೂತಿದೆ, ಉಗುರಿಗೆ ಬರುವುದಿಲ್ಲ. ಸ್ಯಾಂಡ್‌ಪೇಪರ್ ಹಾಕಿ ಉಜ್ಜಲೇ?

ಬೈಕಂಪಾಡಿಯ ಲೇತ್ ಕೆಲಸದವನು:
ದಯವಿಟ್ಟು ಸ್ಯಾಂಡ್‌ಪೇಪರ್ ಮುಟ್ಟಬೇಡಿ ಮಾರಾಯರೇ. ಉಜ್ಜಿ ಸವೆದ ಹಿತ್ತಾಳೆ ಮತ್ತೆ ಬೆಳೆಯುವುದಿಲ್ಲ. ಒಂದು ಮಾತು ಹೇಳಿ: ಈ ಸಲದ ಸೀಸ ಎಲ್ಲಿಯದು?

ಮಲ್ಪೆಯ ಗಾಳದವನು:
ಹಳೆಯ ಪೈಪಿನ ಸೀಸ. ಜೊತೆಗೆ ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಕ್ಕಿದ ಬೆಸುಗೆ ತಂತಿಯ ತುಂಡುಗಳು. ಕಿಲುಬು ಬಾರದಿರಲೆಂದು ಅಚ್ಚಿಗೆ ತೆಂಗಿನೆಣ್ಣೆಯನ್ನೂ ಸವರಿದ್ದೆ.

ಬೈಕಂಪಾಡಿಯ ಲೇತ್ ಕೆಲಸದವನು:
ಹಾಗಾದರೆ ಅಚ್ಚಿನ ತಪ್ಪಿಲ್ಲ. ಬೆಸುಗೆ ತಂತಿಯಲ್ಲಿ ತವರ ಇರುತ್ತದೆ, ಹಿತ್ತಾಳೆಗೆ ಅಂಟುವುದೇ ತವರದ ಗುಣ. ತಂತಿಯೊಳಗಿನ ರಾಳ ಅದಕ್ಕೆ ದಾರಿ ಮಾಡಿಕೊಟ್ಟಿತು. ಬರೀ ಸೀಸ ಹಾಗೆ ಅಂಟುವುದಿಲ್ಲ. ಅದರ ಮೇಲೆ ನೀವು ಹುಣಿಸೆಹುಳಿಯಲ್ಲಿ ತೊಳೆದದ್ದು ಕೊಳೆಯನ್ನಲ್ಲ, ಕಾದು ಕಾದು ಕಟ್ಟಿದ್ದ ಕಂದು ಪೊರೆಯನ್ನು. ಗುಂಡು ಸಲೀಸಾಗಿ ಬಿಡುತ್ತಿದ್ದದ್ದು ಆ ಪೊರೆಯಿಂದಲೇ. ಅಚ್ಚಿನ ಹೊರಮೈಯನ್ನು ಎಷ್ಟು ಬೇಕಾದರೂ ಬೆಳಗಿ, ಒಳಗುಳಿಯನ್ನು ಬೆಳಗಬೇಡಿ.

ಕಲೆಯನ್ನು ಕೆರೆಯುವುದು ಬೇಡ, ಕರಗಿಸಿ. ಅಂಗಳದಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕುಳಿತು, ಅಡುಗೆಗೆ ಮತ್ತೆಂದೂ ಬಳಸದ ಹಳೆಯ ಕಾವಲಿಯ ಮೇಲೆ ಆ ಹೋಳನ್ನು ಕಾಯಿಸಿ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತವರ ಬೆರೆತದ್ದು ಅದಕ್ಕಿಂತ ಮೊದಲೇ. ಕಲೆ ಪಾದರಸದಂತೆ ಮಿನುಗಿದ ಕ್ಷಣ, ಇಕ್ಕಳದಲ್ಲಿ ಹಿಡಿದ ಒಣ ಹತ್ತಿಬಟ್ಟೆಯಿಂದ ಒಂದೇ ಸಲ ಒರೆಸಿ. ಉಳಿದದ್ದಕ್ಕೆ ಬಿದಿರಿನ ಸಿಬಿರು ಸಾಕು. ಕಬ್ಬಿಣದ ಬ್ರಷ್ ಬೇಡ. ನೀರಿಗೆ ಅದ್ದದೆ ತನ್ನಷ್ಟಕ್ಕೆ ಆರಲು ಬಿಡಿ.

ಉಳ್ಳಾಲದವನು:
ಸುಕ್ಕಿಗೆ ತೆಂಗಿನೆಣ್ಣೆಯೇ ಕಾರಣವಿರಬೇಕು ಅಣ್ಣ, ನನಗೂ ಹೀಗೆಯೇ ಆಗಿತ್ತು. ಹಳಸಿದ ಎಣ್ಣೆಯಿಂದಲೂ ಹಿತ್ತಾಳೆಗೆ ಹಸಿರು ಬರುತ್ತದೆ. ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ ಬಳಸಿ ತೊಳೆಯಿರಿ.

ಬೈಕಂಪಾಡಿಯ ಲೇತ್ ಕೆಲಸದವನು:
ಇವರ ಮಾತು ಸರಿ. ಆದರೆ ತೊಳೆದ ಮೇಲೆ ಅಚ್ಚು ಪೂರ್ತಿ ಒಣಗಲೇಬೇಕು. ನಮ್ಮೂರಿನ ಹವೆಯಲ್ಲಿ ಬಟ್ಟೆಯಿಂದ ಒರೆಸಿದರೆ ಸಾಲದು, ಕೀಲಿನ ಸಂದಿಯಲ್ಲಿ ನೀರು ನಿಲ್ಲುತ್ತದೆ. ಕರಗಿದ ಸೀಸದ ಕೆಳಗೆ ಒಂದು ಹನಿ ನೀರು ಸಿಕ್ಕಿದರೂ ಆವಿ ಸಿಡಿದು ಸೀಸ ಮುಖಕ್ಕೆ ಹಾರುತ್ತದೆ. ಕನ್ನಡಕ, ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಸೇರಿಸಬೇಡಿ, ಕೈ ತೊಳೆಯದೆ ಏನನ್ನೂ ತಿನ್ನಬೇಡಿ.

ಒಣಗಿದ ಅಚ್ಚನ್ನು ಎರಡು ಮೂರು ಸಲ ಕಾಯಿಸಿ ಆರಿಸಿದರೆ ಕಂದು ಬಣ್ಣ ಮರಳುತ್ತದೆ. ಆಮೇಲೆ ಚಿಮಣಿ ದೀಪದ ಮಸಿಯನ್ನು ಗುಳಿಗೆ ತೆಳ್ಳಗೆ ಹಿಡಿಸಿ. ಹಿತ್ತಾಳೆ ನಿಧಾನ ಕಾಯುತ್ತದೆ, ಮೊದಲ ಏಳೆಂಟು ಗುಂಡು ಸುಕ್ಕಾದರೆ ಮರಳಿ ಪಾತ್ರೆಗೆ ಹಾಕಿ.

ಮಲ್ಪೆಯ ಗಾಳದವನು:
ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. ಕಲೆ ಬಟ್ಟೆಗೆ ಬಂತು! ಬರೀ ಪೈಪಿನ ಸೀಸದಲ್ಲಿ ಮೂವತ್ತು ಗುಂಡು ಹೊಯ್ದೆ, ಮರದ ಹಿಡಿಗೆ ಮೆಲ್ಲನೆ ತಟ್ಟಿದರೆ ಉದುರುತ್ತವೆ. ಆದರೆ ಅಂಚಿನಲ್ಲಿ ಕಾಗದದಂತಹ ರೆಕ್ಕೆ ಬರುತ್ತಿದೆ.

ಬೈಕಂಪಾಡಿಯ ಲೇತ್ ಕೆಲಸದವನು:
ಹೋಳುಗಳನ್ನು ಮುಚ್ಚಿ ಬೆಳಕಿಗೆ ಹಿಡಿದು ನೋಡಿ. ಗೆರೆಯಂತೆ ಬೆಳಕು ಕಂಡರೆ, ಕೂಡುವ ಮುಖದ ಮೇಲೆ ಸಾಸಿವೆಯಷ್ಟು ಸೀಸ ಕೂತಿದೆ. ಅದನ್ನೂ ಬಿಸಿ ಮಾಡಿಯೇ ತೆಗೆಯಿರಿ.

ಮಲ್ಪೆಯ ಗಾಳದವನು:
ಸಿಕ್ಕಿತು, ಕೀಲಿನ ಪಕ್ಕದಲ್ಲೇ ಇತ್ತು.